ಹಿಡಿದ್ರಾ? ಹಾಗಿದ್ರೆ ಬರೆದುಕೊಡಿ

ನಮಸ್ಕಾರ, ಕಲಬುರಗಿಯಿಂದ. ಹೋದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ: "ಪೊಲೀಸರಿಗೆ ಮುಖ ನೋಡಿದ್ರೆ ಸಾಕು, ಕಳ್ಳ ಯಾರು ಅಂತ ಗೊತ್ತಾಗುತ್ತೆ. ನಿಮಗ್ಯಾಕೆ ಉರಿ?" ಉರಿ ಇದೆ ಅಣ್ಣಾ, ಜಾಸ್ತಿನೇ ಇದೆ.

ನಮ್ಮ ಭಾಗದ ಒಂದು ಬಸ್ ನಿಲ್ದಾಣದಲ್ಲಿ ನಾನೇ ನೋಡಿದ್ದು. ರಾತ್ರಿ ಹೊತ್ತು, ಗುಳೆ ಹೊರಟ ಜನ ಪುಣೆ ಬಸ್ಸಿಗೆ ಕಾಯ್ತಾ ಕೂತಿದ್ದರು. ಅಷ್ಟು ಜನರಲ್ಲಿ ಪೊಲೀಸರು ಎಬ್ಬಿಸಿದ್ದು ತಾಂಡಾದ ಒಬ್ಬ ಹುಡುಗನನ್ನು ಮಾತ್ರ. ಪಕ್ಕದಲ್ಲಿ ಅವನ ಅವ್ವ ಕನ್ನಡಿ ಹಚ್ಚಿದ ಲಂಬಾಣಿ ಉಡುಗೆಯಲ್ಲಿದ್ದಳು. ಅಷ್ಟೇ ಗುರುತು. ಚೀಲ ಸುರುವಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಾರೆ ಕೆಲಸದ ಒಂದು ಕರಣೆ. ಯಾವ ಕೇಸು ಸಾಹೇಬ್ರ ಅಂತ ಅವ್ವ ಕೇಳಿದಳು. "ಸುಮ್ನೆ ವಿಚಾರಣೆ" ಅಂತ ಹುಡುಗನನ್ನು ಕರಕೊಂಡು ಹೋದರು. ಬಸ್ಸೂ ಹೋಯಿತು.

ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು, ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂದರು. ಆ ಕಾಯ್ದೆ 1952ರ ಆಗಸ್ಟ್ 31ಕ್ಕೆ ಹೋಯಿತು. ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ.

ಅದಕ್ಕೇ ನನ್ನದು ಒಂದೇ ಮಾತು: ಬರೆದುಕೊಡಿ. ಯಾರನ್ನು, ಯಾಕೆ, ಎಷ್ಟು ಗಂಟೆಗೆ ಹಿಡಿದಿರಿ, ಬರೆದುಕೊಡಿ. ಇದು ನನ್ನ ಹೊಸ ಬೇಡಿಕೆ ಅಲ್ಲ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಬಂಧನದ ಸಮಯ, ತಾರೀಖು ಬರೆದ ಮೆಮೊ ಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ಪೊಲೀಸರ ಎದೆಯ ಮೇಲೆ ಹೆಸರು ಕಾಣಬೇಕು. 2025ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಇನ್ನೂ ಮುಂದೆ ಹೋಯಿತು. ಯಾವ ಅಪರಾಧವೇ ಇರಲಿ, ಬಂಧನದ ಕಾರಣ ಬರಹದಲ್ಲಿ ಕೊಡಬೇಕು, ಅದೂ ಹಿಡಿದವನಿಗೆ ತಿಳಿಯೋ ಭಾಷೆಯಲ್ಲಿ.

"ಇದು ಬಂಧನ ಅಲ್ಲ, ಸುಮ್ನೆ ವಿಚಾರಣೆ" ಅಂತೀರಾ? ಹಾಗಿದ್ರೆ ಬಂಧನ, ತನಿಖೆ ಹೇಗೆ ನಡೀಬೇಕು ಅಂತ ಹೇಳೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 35ನೇ ಕಲಂನಲ್ಲಿ ನೋಟಿಸ್ ಕೊಟ್ಟು ಕರೆಯೋ ದಾರಿ ಇದೆಯಲ್ಲ. ಅದನ್ನೂ ಬರೆದೇ ಕೊಡಬೇಕು!

"ಪೊಲೀಸರಿಗೆ ಟೈಮ್ ಎಲ್ಲಿದೆ?" ಅಂತ ಇನ್ನೊಬ್ಬರು. ಟೈಮ್ ಇಲ್ವಾ? ಹೆಲ್ಮೆಟ್ ಇಲ್ಲ ಅಂದ್ರೆ 500 ರೂಪಾಯಿ ದಂಡಕ್ಕೆ ರಸ್ತೆಯಲ್ಲೇ ಮಷೀನಿಂದ ಚೀಟಿ ಹರಿದು ಕೊಡ್ತಾರೆ. ಒಬ್ಬ ಮನುಷ್ಯನನ್ನು ಎತ್ತಿಕೊಂಡು ಹೋಗೋಕೆ ಚೀಟಿ ಇಲ್ವಾ? "ಕಳ್ಳ ಓಡಿಹೋಗ್ತಾನೆ" ಅಂತೆ. ಹಿಡಿದ ಮೇಲೆ ಕೊಡ್ರಪ್ಪಾ!

ಠಾಣೆಯಲ್ಲಿ ಏನಾಯಿತು ಅಂತ ಜಗಳ ಬಂದರೆ ಅದಕ್ಕೂ ದಾರಿ ಇದೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯ 18 ತಿಂಗಳು ಇಡಬೇಕು ಅಂತ 2020ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಆದೇಶ ಇದೆ. ಪೊಲೀಸರ ಮೇಲೆ ದೂರು ಕೊಡೋಕೆ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕು ಅಂತ 2006ರಲ್ಲೇ ಹೇಳಿದೆ. ನಿಮ್ಮ ತಾಂಡಾದಲ್ಲಿ, ನಿಮ್ಮ ಓಣಿಯಲ್ಲಿ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತಿದೆ ಅಂತ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಈ ವಿಡಿಯೋ ಯಾದಗಿರಿ, ಬೀದರ್ ಕಡೆ ಗುಳೆ ಹೋಗೋ ಪ್ರತಿಯೊಬ್ಬರ ವಾಟ್ಸಾಪಿಗೂ ಮುಟ್ಟಲಿ. "ಪೊಲೀಸ್ ವಿರೋಧಿ" ಅಂತ ಬರೆಯೋರು ಬರೆಯಿರಿ, ಧಾರಾಳವಾಗಿ ಬರೆಯಿರಿ. ನಾನು ಮುಂದಿನ ವಾರವೂ ಇದನ್ನೇ ಕೇಳ್ತೀನಿ. ಹುಡುಗನನ್ನು ಯಾಕೆ ಎಬ್ಬಿಸಿದ್ರಿ? ಬರೆದುಕೊಡಿ!