ಡಾರ್ಟ್ ದಂಡೆಯಲ್ಲಿ ಸಿಕ್ಕ ಮಾಚಿಕಾಯಿ

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ಸಭೆಯಲ್ಲಿ ಕಾಡಿನ ಮಾತೇಕೆ ಅಂತ ಕೆಲವರು ಕೇಳಿದರು. ನವೆಂಬರ್ ಬಂತಲ್ಲ, ಅದಕ್ಕೇ. ಇನ್ನು ಸ್ವಲ್ಪ ದಿನಕ್ಕೆ ಇಲ್ಲಿ, ಇಂಗ್ಲೆಂಡಿನ ಡೆವನ್‌ನಲ್ಲಿ ಹರಿಯುವ ಡಾರ್ಟ್ ನದಿ ದಂಡೆಯ ಮರಗಳು ಬೋಳಾಗುತ್ತವೆ. ಅಷ್ಟರೊಳಗೆ ನೀವೆಲ್ಲ ಹೋಗಿ, ಒಂದೇ ಒಂದು ಓಕ್ ಮರದ ಕೆಳಗೆ ಅರ್ಧ ಗಂಟೆ ಸುಮ್ನೆ ನಿಲ್ಲಬೇಕು. ನಾನು ಕೇಳುವುದು ಇಷ್ಟೇ.

ಕೊಡಗಿನವರು ಇಲ್ಲಿದ್ದೀರಿ, ಅದಕ್ಕೆ ಒಂದು ಮಾತು. ನಿಮ್ಮ ತೋಟದ ಸಿಲ್ವರ್ ಓಕ್ ಓಕ್ ಅಲ್ಲ, ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಮರ. ನಮ್ಮ ಘಟ್ಟದ ಕಾಡಿನಲ್ಲಿ ಓಕ್ ಇಲ್ಲ. ಹಾಗಾಗಿ ನಮಗೂ ಈ ಮರಕ್ಕೂ ನಂಟಿಲ್ಲ ಅಂದುಕೊಂಡಿದ್ದೆ, ಅಮ್ಮ ಬರುವವರೆಗೆ.

ತಂಗಿಯ ಬಾಣಂತನಕ್ಕೆ ಅಮ್ಮ ಅಕ್ಟೋಬರಿನಲ್ಲಿ ಬಂದಿದ್ದರು. ಒಂದು ಮಧ್ಯಾಹ್ನ ದಂಡೆಗೆ ಕರೆದುಕೊಂಡು ಹೋದೆ. ನಾನು ಬಣ್ಣದ ಎಲೆಗಳ ಫೋಟೋ ತೆಗೆಯುತ್ತಾ ಮುಂದೆ ಮುಂದೆ ಹೋದೆ. ಅಮ್ಮ ಒಂದು ಮರದ ಹತ್ತಿರ ನಿಂತವರು ಕದಲಲೇ ಇಲ್ಲ. ಬಾಗಿದ ಕೊಂಬೆಯಿಂದ ಗೋಲಿಯಷ್ಟು ದಪ್ಪದ ಕಂದು ಗಂಟು ಕಿತ್ತರು. ಉಗುರಿನಲ್ಲಿ ಕೆರೆದು ನಾಲಿಗೆ ತುದಿಗೆ ಮುಟ್ಟಿಸಿಕೊಂಡರು. "ಒಗರು ನೋಡೋ. ಇದು ಮಾಚಿಕಾಯಿ ಅಲ್ವಾ? ಗ್ರಂಧಿಗೆ ಅಂಗಡಿಯಿಂದ ಕಟ್ಟಿಸಿಕೊಂಡು ಬಂದೆನಲ್ಲೋ, ಇಲ್ಲಿ ಮರದಲ್ಲೇ ಇದೆ!"

ಮಗುವಿಗೆ ಬಜೆಯ ಜೊತೆ ತೇಯುವ ಅದೇ ಮಾಚಿಕಾಯಿ. ಅಮ್ಮನ ಮಾತು ಮುಕ್ಕಾಲು ಪಾಲು ಸರಿ. ಅಂಗಡಿಯ ಮಾಚಿಕಾಯಿ ಟರ್ಕಿ, ಇರಾನ್ ಕಡೆಯ ಇನ್ನೊಂದು ಜಾತಿಯ ಓಕ್‌ನದು. ಆದರೆ ಎರಡೂ ಕಾಯಿಯೇ ಅಲ್ಲ! ಪುಟ್ಟ ಕಣಜವೊಂದು ಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಒಳಗಿನ ಹುಳದ ಸುತ್ತ ಮರವೇ ಗಂಟು ಬೆಳೆಸುತ್ತದೆ. ಹುಳ ಅದನ್ನೇ ತಿಂದು, ಕಣಜವಾಗಿ, ತೂತು ಕೊರೆದು ಹಾರಿಹೋಗುತ್ತದೆ. ಅಮ್ಮ ಕಿತ್ತ ಜಾತಿಯ ಗಂಟನ್ನು 19ನೇ ಶತಮಾನದಲ್ಲಿ ಬಣ್ಣಕ್ಕೆ, ಶಾಯಿಗೆ ಅಂತ ಈ ಡೆವನ್‌ಗೆ ತಂದರು. ಓಕ್ ಗಂಟಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಸೇರಿಸಿದರೆ ಕಪ್ಪು ಶಾಯಿ. ಇಂಗ್ಲೆಂಡಿನ ರಾಜ ಒಪ್ಪಿಕೊಂಡ ಹಕ್ಕುಪತ್ರ, 1215ರ ಮ್ಯಾಗ್ನಾ ಕಾರ್ಟಾ ಬರೆದದ್ದು ಅಂಥ ಶಾಯಿಯಲ್ಲೇ.

ಅಮ್ಮನಿಗೆ ಇದು ಸಿಕ್ಕಿದ್ದು ನಿಂತಿದ್ದಕ್ಕೆ. ನಡೆಯುತ್ತಿದ್ದ ನನಗೆ ಸಿಗಲಿಲ್ಲ.

ನಿಂತರೆ ಜೇ ಹಕ್ಕಿಯೂ ಕಾಣುತ್ತದೆ. ಕಾಗೆಯ ಬಳಗದ್ದು, ರೆಕ್ಕೆಯಲ್ಲಿ ನೀಲಿ ಪಟ್ಟಿ. ಗಂಟಲ ತುಂಬ ಓಕ್ ಕಾಯಿ ತುಂಬಿಕೊಂಡು ಹೋಗಿ, ಚಳಿಗಾಲಕ್ಕೆಂದು ಒಂದೊಂದನ್ನೇ ಮಣ್ಣಿನಲ್ಲಿ ಹೂಳುತ್ತದೆ. ಒಂದು ಹಕ್ಕಿ ಒಂದೇ ಋತುವಿನಲ್ಲಿ ಸಾವಿರಾರು ಕಾಯಿ ಹೂಳುತ್ತದೆ. ತೆಗೆಯದೆ ಉಳಿದವು ಮೊಳೆಯುತ್ತವೆ. ತಾಯಿಮರದಿಂದ ದೂರ, ಗುಡ್ಡದ ಮೇಲಕ್ಕೆ ಓಕ್ ಹತ್ತುವುದು ಹೀಗೆ. ಕಾಯಿ ತಾನಾಗಿ ಮೇಲಕ್ಕೆ ಉರುಳುವುದಿಲ್ಲವಲ್ಲ!

ಸಮಯ ಆಯ್ತು ಅಂತ ಚೀಟಿ ಬಂದಿದೆ. ನೀರಂಚಿನ ಆಲ್ಡರ್ ಮರ ಹಸಿರೆಲೆಯನ್ನೇ ಉದುರಿಸುತ್ತದೆ, ಅದನ್ನು ನೋಡಿ. ಮಳೆ ಬಂದ ಮರುದಿನ ಹೋದರೆ ಸಾಲ್ಮನ್ ಮೀನು ನೀರಿಗೆದುರಾಗಿ ನೆಗೆಯುವುದು ಕಂಡರೂ ಕಾಣಬಹುದು. ಅಣಬೆಯ ವಿಷಯ ಇನ್ನೊಮ್ಮೆ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಕಿತ್ತು ತಿನ್ನಬೇಡಿ.

ಈ ಡಬ್ಬಿ ಹಿಂದಿನ ಸಾಲಿನವರೆಗೂ ಹೋಗಲಿ. ಒಳಗೆ ಏಳು ಗಂಟುಗಳಿವೆ. ಒಂದಕ್ಕೆ ಮಾತ್ರ ತೂತಿಲ್ಲ, ಹುಳ ಇನ್ನೂ ಒಳಗೇ ಇರಬಹುದು. ಅದನ್ನು ಮೆಲ್ಲಗೆ ಹಿಡಿಯಿರಿ.