ಒಂದು ಕಪ್ ಶಿಯಾ ಬಟರ್ ಅಂದರೆ ಎಷ್ಟು ಗ್ರಾಂ?

ನಮಸ್ಕಾರ. ಲೋಷನ್ ಅಥವಾ ಸಾಬೂನಿನ ರೆಸಿಪಿಯಲ್ಲಿ ‘ಒಂದು ಕಪ್ ಶಿಯಾ ಬಟರ್’ ಅಂತ ಬರೆದಿದೆ, ನಿಮ್ಮ ಮುಂದೆ ತಕ್ಕಡಿ ಇದೆ. ಎಷ್ಟು ಗ್ರಾಂ ತೂಗಬೇಕು?

[ಪರದೆಯಲ್ಲಿ: ಮಿಲಿಲೀಟರ್ × 0.91 = ಗ್ರಾಂ]

ಶಿಯಾ ಬಟರ್, ಅಂದರೆ ಶಿಯಾ ಮರದ ಬೀಜದಿಂದ ತೆಗೆಯೋ ಗಟ್ಟಿ ಕೊಬ್ಬು, ನೀರಿಗಿಂತ ಹಗುರ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗಿದರೆ, ಅಷ್ಟೇ ಜಾಗ ಹಿಡಿಯೋ ಶಿಯಾ ಸುಮಾರು 0.91 ಗ್ರಾಂ. ಹಾಗಾಗಿ 5 ಮಿಲಿಲೀಟರಿನ ಟೀ ಚಮಚದಲ್ಲಿ ನಾಲ್ಕೂವರೆ ಗ್ರಾಂ, 15 ಮಿಲಿಲೀಟರಿನ ದೊಡ್ಡ ಚಮಚದಲ್ಲಿ ಹತ್ತಿರ ಹತ್ತಿರ 14 ಗ್ರಾಂ.

ಕಪ್ ವಿಷಯಕ್ಕೆ ಬಂದರೆ ಮೊದಲು ಕೇಳಬೇಕಾದ್ದು, ಯಾವ ಕಪ್? ಅಮೆರಿಕದ್ದು 237 ಮಿಲಿಲೀಟರ್, ಅದರಲ್ಲಿ ಸುಮಾರು 215 ಗ್ರಾಂ ಶಿಯಾ. ಮೆಟ್ರಿಕ್ ಕಪ್ 250 ಮಿಲಿಲೀಟರ್, ಅದರಲ್ಲಿ ಸುಮಾರು 228 ಗ್ರಾಂ. ಔನ್ಸ್ ಅಂತ ಕಂಡರೂ ಹುಷಾರು. ತೂಕದ ಔನ್ಸ್ 28.35 ಗ್ರಾಂ. ದ್ರವ ಔನ್ಸ್ ಅನ್ನೋದು ಜಾಗದ ಅಳತೆ, ಅಷ್ಟು ಶಿಯಾ 27 ಗ್ರಾಂ ಕೂಡ ಪೂರ್ತಿ ತೂಗಲ್ಲ.

[ದೃಶ್ಯ: ಕಪ್ಪಿನಲ್ಲಿ ಗಟ್ಟಿ ಶಿಯಾ ತುಂಡುಗಳು, ನಡುವೆ ಸಂದುಗಳು]

ಈ ಲೆಕ್ಕವೆಲ್ಲ ಕಪ್ಪಿನೊಳಗೆ ಗಾಳಿ ಇಲ್ಲದಿದ್ದರೆ ಮಾತ್ರ ಸರಿ. ಎಡವೋದು ಇಲ್ಲೇ. ಗಟ್ಟಿ ಶಿಯಾನ ಕೆರೆದು ತುಂಬಿದಾಗ ತುಂಡುಗಳ ಸಂದಿನಲ್ಲಿ ಗಾಳಿ ಉಳಿಯುತ್ತೆ. ಕಪ್ ತುಂಬಿದ ಹಾಗೆ ಕಾಣುತ್ತೆ, ತೂಕ ಅಷ್ಟಿರಲ್ಲ.

ಲೋಷನ್ನಿಗಾದರೆ ಇದರಿಂದ ದೊಡ್ಡ ತೊಂದರೆ ಇಲ್ಲ, ಸ್ವಲ್ಪ ತೆಳುವಾಗಬಹುದು. ಸಾಬೂನಿಗೆ ಹಾಗಲ್ಲ. 100 ಗ್ರಾಂ ಶಿಯಾ ಪೂರ್ತಿ ಸಾಬೂನಾಗೋಕೆ ಸುಮಾರು 12.8 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಕಪ್ಪಿನಲ್ಲಿ 215 ಗ್ರಾಂ ಇದೆ ಅಂದುಕೊಂಡು ನೀವು 27.5 ಗ್ರಾಂ ಸೋಡಾ ಹಾಕಿದಿರಿ, ನಿಜಕ್ಕೂ ಇದ್ದದ್ದು 170 ಗ್ರಾಂ ಅಂತಿಟ್ಟುಕೊಳ್ಳಿ. ಹತ್ತಿರ ಹತ್ತಿರ 6 ಗ್ರಾಂ ಸೋಡಾ ಹೆಚ್ಚಾಯಿತು. ಅದು ಸಾಬೂನಿನಲ್ಲೇ ಉಳಿದು ಚರ್ಮ ಸುಡುತ್ತೆ. ದಯವಿಟ್ಟು ಸಾಬೂನಿಗೆ ಕಪ್ ಲೆಕ್ಕ ಬೇಡವೇ ಬೇಡ. ಗ್ರಾಂನಲ್ಲಿ ಬರೆದ ರೆಸಿಪಿ ಹುಡುಕಿ, ತೂಗಿಯೇ ಹಾಕಿ.

ತಕ್ಕಡಿ ಇಲ್ಲದೆ ಲೋಷನ್ ಮಾಡೋರು ಶಿಯಾನ ಸಣ್ಣ ಉರಿಯಲ್ಲಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಆಮೇಲೆ ಅಳೆಯಿರಿ. ಕರಗಿದಾಗ ಸಂದುಗಳು ಇರಲ್ಲ, 0.91ರ ಲೆಕ್ಕ ಸರಿಹೋಗುತ್ತೆ.

[ದೃಶ್ಯ: ಬೀಟರ್‌ನಿಂದ ನೊರೆಯಂತೆ ಉಬ್ಬಿದ ಶಿಯಾ]

ಬೀಟ್ ಮಾಡಿ ಉಬ್ಬಿಸಿದ ಶಿಯಾಗೆ ಮಾತ್ರ ಯಾವ ಪಟ್ಟಿಯೂ ಸಹಾಯಕ್ಕೆ ಬರಲ್ಲ, ಯಾಕಂದರೆ ಎಷ್ಟು ಗಾಳಿ ಸೇರಿದೆ ಅನ್ನೋದು ನಿಮ್ಮ ಬೀಟರಿಗೇ ಗೊತ್ತು. ಎರಡು ಪಟ್ಟು ಉಬ್ಬಿದ್ದರೆ ಕಪ್ಪಿನ ತೂಕ ಅರ್ಧಕ್ಕಿಳಿಯುತ್ತೆ. ಖಾಲಿ ಕಪ್ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ, ಉಬ್ಬಿಸಿದ ಶಿಯಾ ಮಟ್ಟವಾಗಿ ತುಂಬಿ ತೂಗಿ, ಬಂದ ಗ್ರಾಂನ ಕಪ್ಪಿನ ಮಿಲಿಲೀಟರಿನಿಂದ ಭಾಗಿಸಿ. ಆ ಸಲದ ಮಿಶ್ರಣಕ್ಕೆ 0.91ರ ಬದಲು ಅದೇ ಸಂಖ್ಯೆ ಬಳಸಿ. ಮುಂದಿನ ಸಲ ಬೀಟ್ ಮಾಡಿದಾಗ ಮತ್ತೆ ತೂಗಬೇಕು.