ಇಸವಿಯ ಕೆಳಗಿನ ಚುಕ್ಕಿ

ಕೇಳುಗರಿಗೆ ನಮಸ್ಕಾರ.

ಕೈಗೆಟಕುವಲ್ಲಿ ಒಂದಿಷ್ಟು ಚಿಲ್ಲರೆ ಇದ್ದರೆ ದಯವಿಟ್ಟು ತೆಗೆದುಕೊಳ್ಳಿ. ಕನ್ನಡಕ ಬೇಕಾದವರು ಹಾಕಿಕೊಳ್ಳಿ. ಅದರಲ್ಲಿ ಒಂದು ರೂಪಾಯಿಯ ಹಳೆಯ ಉಕ್ಕಿನ ನಾಣ್ಯವನ್ನು ಹುಡುಕಿ. ಒಂದರ ಅಂಕಿಯ ಆಚೆ ಈಚೆ ತೆನೆ, ಕೆಳಗೆ ಇಸವಿ. 1992ರಿಂದ 2004ರವರೆಗೆ ಇದೇ ರೂಪದಲ್ಲಿ ಬಂತು. ಈಗ ಇಸವಿಯ ಕೆಳಗಿನ ಜಾಗವನ್ನು ಬೆಳಕಿಗೆ ಹಿಡಿದು ನೋಡಿ.

ಪುಟ್ಟ ವಜ್ರಾಕೃತಿ ಕಂಡರೆ ಅದು ಮುಂಬೈ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು. ಒಂದೇ ಒಂದು ಚುಕ್ಕಿ ಇದ್ದರೆ ನೋಯ್ಡಾದ್ದು. ದೇಶದ ನಾಲ್ಕು ಟಂಕಸಾಲೆಗಳಲ್ಲಿ 1988ರಲ್ಲಿ ಕೆಲಸ ಆರಂಭಿಸಿದ ಇದೇ ಕಿರಿಯದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. 1757ರಿಂದ ನಾಣ್ಯ ಅಚ್ಚು ಹಾಕುತ್ತಿರುವ ಹಿರಿಯಣ್ಣನಿಗೆ ಗುರುತಿನ ಚೀಟಿ ಏಕೆ ಬೇಕು? ನಮ್ಮ ಮೈಸೂರಿನಲ್ಲಿ ನೋಟು ಮುದ್ರಣಾಲಯವಿದೆ, ನಾಣ್ಯದ ಟಂಕಸಾಲೆ ಮಾತ್ರ ಕರ್ನಾಟಕದಲ್ಲಿಲ್ಲ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದದ ಗುರುತು ಕೆಲವೊಮ್ಮೆ ಸಿಗುತ್ತದೆ. ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ಅದೇ. ಇಂಗ್ಲಿಷಿನ ಎಂ ಅಕ್ಷರ, ಅದರ ನೆತ್ತಿಯ ಮೇಲೆ ಸಣ್ಣ ಸೊನ್ನೆ: ಆ ರೂಪಾಯಿ ಮೆಕ್ಸಿಕೋದಲ್ಲಿ ಅಚ್ಚಾದದ್ದು. ಎಂ ಮತ್ತು ಕೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಎಂಬ ಊರಿನದು. ಆ ಊರಿನ ಟಂಕಸಾಲೆ ಶುರುವಾದದ್ದು 1328ರಲ್ಲಿ. ನಮ್ಮಲ್ಲಿ ವಿಜಯನಗರ ಇನ್ನೂ ಸ್ಥಾಪನೆಯಾಗಿರಲಿಲ್ಲ! 1999ರ ಐದು ರೂಪಾಯಿಗಳಲ್ಲಿ ಕೆಲವಕ್ಕೆ ರಷ್ಯನ್ ಲಿಪಿಯ ಮೂರು ಅಕ್ಷರಗಳಿವೆ. ಅವು ಮಾಸ್ಕೋದಿಂದ ಬಂದವು.

ಅಷ್ಟು ದೂರದಿಂದ ಏಕೆ ತರಿಸಬೇಕಾಯಿತು? ನಡುವಯಸ್ಸು ದಾಟಿದವರಿಗೆ ಉತ್ತರ ಗೊತ್ತಿದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಚಿಲ್ಲರೆಗೆ ಎಂಥ ಬರ ಬಂದಿತ್ತೆಂದರೆ, ಅಂಗಡಿಯವರು ಬಾಕಿ ಹಣದ ಬದಲು ಪೆಪ್ಪರಮಿಂಟು ಕೊಡುತ್ತಿದ್ದರು. ಬಸ್ಸಿನ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟು ಇಳಿಯುವಾಗ ಕೇಳಿ ಎನ್ನುತ್ತಿದ್ದರು. ನಮ್ಮ ಟಂಕಸಾಲೆಗಳು ಹಗಲಿರುಳು ದುಡಿದರೂ ಸಾಲದೆ ಸರ್ಕಾರ ಹೊರದೇಶಗಳಿಗೆ ಅಚ್ಚಿನ ಕೆಲಸ ವಹಿಸಿತು. ಹಡಗೇರಿ ಬಂದ ಆ ನಾಣ್ಯಗಳು ಇವತ್ತಿಗೂ ಹೂವಿನವರ ಬುಟ್ಟಿಯಲ್ಲಿ, ದೇವಸ್ಥಾನದ ಹುಂಡಿಯಲ್ಲಿ ಓಡಾಡುತ್ತಿವೆ.

ಇನ್ನು ಎರಡು ರೂಪಾಯಿ. ಭಾರತದ ನಕಾಶೆ, ಅದರಲ್ಲಿ ಬಾವುಟ, ಹನ್ನೊಂದು ಮೂಲೆಗಳ ಅಂಚು. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಕತ್ತಲಲ್ಲಿ ಜೇಬಿಗೆ ಕೈ ಹಾಕಿದರೂ ಬೆರಳಿಗೆ ಗುರುತು ಸಿಗುತ್ತಿತ್ತು. ಕಣ್ಣು ಕಾಣದವರಿಗೆ ಇದೆಷ್ಟು ಮುಖ್ಯ ಎಂಬುದನ್ನು ಆಮೇಲೆ ನಾಣ್ಯ ರೂಪಿಸಿದವರು ಮರೆತರೆಂದು ತೋರುತ್ತದೆ. ಒಂದು ರೂಪಾಯಿಗೆ ಮೇಲೆತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು ಎಂದು 2007ರಲ್ಲಿ ನಾಟ್ಯಮುದ್ರೆಯ ಸಾಲು ಬಂತು. ಎರಡೂ ಉಕ್ಕಿನವು, ಎರಡೂ ದುಂಡಗಿನವು, ಅಗಲದಲ್ಲಿ ಎರಡೇ ಮಿಲಿಮೀಟರಿನ ವ್ಯತ್ಯಾಸ. ಸಂತೆಯಲ್ಲಿ ಮೋಸ ಹೋಗದವರಾರು? ಅದಕ್ಕೂ ಮೊದಲು ನಾಲ್ಕು ಗೆರೆ ಅಡ್ಡಡ್ಡ ಹಾಯುವ, ನಾಲ್ಕು ಚುಕ್ಕಿಗಳ ವಿನ್ಯಾಸವೊಂದು ಬಂದಿತ್ತು. ಅದು ವೈವಿಧ್ಯದಲ್ಲಿ ಏಕತೆಯ ಚಿಹ್ನೆ ಎಂದು ಸರ್ಕಾರ, ಶಿಲುಬೆ ಎಂದು ಕೆಲವರು ವಾದಿಸಿದರು. ಆ ಜಗಳದಲ್ಲಿ ನಾನು ಇಳಿಯುವುದಿಲ್ಲ. ನಾಣ್ಯವೇನೋ ಈಗಲೂ ಚಿಲ್ಲರೆಯಲ್ಲಿ ಸಿಗುತ್ತದೆ.

ಹನ್ನೊಂದು ಮೂಲೆಯದು ಮಾತ್ರ ಅಪರೂಪವಾಗುತ್ತಿದೆ. ಅದರ ಜೊತೆಗಾರನಾದ ದಪ್ಪನೆಯ ಹಳೆಯ ಐದು ರೂಪಾಯಿಯೂ ಅಷ್ಟೆ. ಇವೆಲ್ಲ ಎಲ್ಲಿ ಹೋದವು? ಮನೆಯಲ್ಲಿ ಅಯಸ್ಕಾಂತವಿದ್ದರೆ ಅರ್ಧ ಉತ್ತರ ಸಿಗುತ್ತದೆ. ಉಕ್ಕಿನ ಒಂದು ರೂಪಾಯಿ ಅದಕ್ಕೆ ಟಕ್ಕನೆ ಅಂಟುತ್ತದೆ, ಹಳೆಯ ಐದು ಅಂಟುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್. ತೂಕ ಒಂಬತ್ತು ಗ್ರಾಂ. ಅಂದರೆ ಒಂದು ಕಿಲೋ ತೂಗಲು ಸುಮಾರು 111 ನಾಣ್ಯ, ಮುಖಬೆಲೆ 555 ರೂಪಾಯಿ. ಪೇಟೆಯಲ್ಲಿ ಆ ಲೋಹದ ಬೆಲೆ ಇದನ್ನು ದಾಟಿದ ದಿನದಿಂದ ನಾಣ್ಯಕ್ಕೆ ಕುಲುಮೆಯ ದಾರಿ ತೆರೆಯಿತು. ಗಡಿ ದಾಟಿಸಿ ಬಾಂಗ್ಲಾದೇಶದಲ್ಲಿ ಕರಗಿಸಿ ಕ್ಷೌರದ ಬ್ಲೇಡು ಮಾಡುತ್ತಾರೆಂದು ಪತ್ರಿಕೆಗಳಲ್ಲಿ ಸುದ್ದಿಗಳು ಬಂದವು. 2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯ ಕರಗಿಸುವುದು ಜೈಲಿಗೆ ಹೋಗುವಂಥ ಅಪರಾಧ. ಸರ್ಕಾರ ಐದು ರೂಪಾಯಿಯ ತೂಕವನ್ನು ಆರು ಗ್ರಾಮಿಗೆ ಇಳಿಸಿತು, 2007ರಲ್ಲಿ ಲೋಹವನ್ನೂ ಉಕ್ಕಿಗೆ ಬದಲಿಸಿತು. ಅಂದಹಾಗೆ, ಹಳೆಯ ಐದರ ಅಂಚನ್ನು ಉಗುರಿನಿಂದ ತಡವಿ ನೋಡಿ, ನಡುವೆ ಒಂದು ಕೊರೆದ ಗೆರೆ ಹರಿಯುತ್ತದೆ. ನಕಲಿ ತಡೆಯುವ ಈ ಉಪಾಯ ಆರನೇ ಜಾರ್ಜ್ ದೊರೆಯ ಕಾಲದ ಬೆಳ್ಳಿ ರೂಪಾಯಿಯ ಅಂಚಿನಲ್ಲೂ ಇತ್ತು.

ಐದರಲ್ಲೇ ಇನ್ನೊಂದನ್ನು ಕನ್ನಡಿಗರು ಗಮನಿಸಬೇಕು: 2006ರಲ್ಲಿ ಬಂದ ಬಸವೇಶ್ವರರ ನಾಣ್ಯ. ಸ್ಮರಣಾರ್ಥ ನಾಣ್ಯವಾದರೂ ಚಲಾವಣೆಗೆ ಬಂದದ್ದರಿಂದ ಕಿರಾಣಿ ಅಂಗಡಿಯ ಗಲ್ಲಾದಲ್ಲೂ ಸಿಗುವ ಸಾಧ್ಯತೆ ಇದೆ.

ನಾಲ್ಕಾಣೆಯ ಆಸೆ ಬೇಡ. ಘೇಂಡಾಮೃಗದ ಆ ಪುಟ್ಟ ನಾಣ್ಯವೂ ಅದಕ್ಕಿಂತ ಚಿಕ್ಕವೆಲ್ಲವೂ 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡವು. ಐವತ್ತು ಪೈಸೆಗೆ ಮಾತ್ರ ಕಾನೂನಿನ ಬೆಲೆ ಈಗಲೂ ಇದೆ, ಹತ್ತು ರೂಪಾಯಿಯವರೆಗಿನ ಲೆಕ್ಕಕ್ಕೆ ಅದನ್ನು ಬೇಡ ಎನ್ನುವಂತಿಲ್ಲ. ಕೊಟ್ಟು ನೋಡಿ, ಅಂಗಡಿಯವರು ನಿಮ್ಮನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಹತ್ತು ರೂಪಾಯಿಯ ನಾಣ್ಯಕ್ಕೂ ಇದೇ ಗತಿ ಬಂದಿತ್ತು. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂದು ಯಾರೋ ಹಬ್ಬಿಸಿದರು. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ ಮೇಲೂ ನಮ್ಮ ಎಷ್ಟೋ ಊರುಗಳಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ. ಸಂಗ್ರಹಿಸುವವರಿಗೆ ಇದರಿಂದ ಲಾಭವೇ ಆಯಿತೆನ್ನಿ. ಬೇರೆಯವರು ಬೇಡವೆಂದ ಹದಿನಾಲ್ಕೂ ಬಗೆಯನ್ನು ಮುಖಬೆಲೆಗೇ ಕೂಡಿಹಾಕಬಹುದಿತ್ತು.

ಆಣೆ, ಕಾಸುಗಳ ಲೆಕ್ಕ 1957ರ ಏಪ್ರಿಲ್ ಒಂದರಂದು ನಯಾಪೈಸೆ ಬಂದ ಮೇಲೆ ಸರಿದುಹೋಯಿತು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಿಂದ ಅಚ್ಚು ಹಾಕಿದ ತೂತು ಕಾಸು ಬೇಕಿದ್ದರೆ ಜೇಬಿನ ಬದಲು ಅಜ್ಜಿಯ ಪೆಟ್ಟಿಗೆಯಲ್ಲಿ ಹುಡುಕಿ.

ಸಿಕ್ಕಿದರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ಪಾತ್ರೆಗೆ ಅದು ಸರಿ. ನಾಣ್ಯದ ಮೇಲ್ಮೈ ಒಮ್ಮೆ ಸವೆದರೆ ಸಂಗ್ರಾಹಕರು ತಿರುಗಿ ನೋಡುವುದಿಲ್ಲ. ಬೇಕಾದರೆ ಶುದ್ಧ ನೀರಿನಲ್ಲಿ ಅದ್ದಿ, ಒರೆಸದೆ, ಮೆತ್ತನೆಯ ಬಟ್ಟೆಯ ಮೇಲೆ ಒಣಗಲು ಬಿಡಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಬೆಲೆ ಎಷ್ಟು? ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. 2012ರ ಆ ನಾಣ್ಯ ಧಾರಾಳವಾಗಿ ಚಲಾವಣೆಗೆ ಬಂದದ್ದು. ಕೊಳ್ಳುವ ಮಾತಾಡಿದವರು ಮುಂದಿನ ಕರೆಯಲ್ಲಿ ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ನಿಮ್ಮಿಂದಲೇ ಹಣ ಕೀಳುತ್ತಾರೆ. ತನ್ನ ಹೆಸರು ಹೇಳಿಕೊಂಡು ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಮೆಕ್ಸಿಕೋದ ರೂಪಾಯಿಯಾಗಲಿ ಮಾಸ್ಕೋದ ಐದಾಗಲಿ, ಚಿಲ್ಲರೆಯಲ್ಲಿ ಸವೆದು ಬಂದದ್ದಕ್ಕೆ ನಿಜವಾದ ವ್ಯಾಪಾರಿ ಲಕ್ಷ ಕೊಡುವುದಿಲ್ಲ. ಮಾರುವ ಮನಸ್ಸಿದ್ದರೆ ನಾಣ್ಯಪ್ರದರ್ಶನ ನಡೆಯುವಲ್ಲಿಗೆ ಹೋಗಿ ನಾಲ್ಕು ಮಂದಿಯಲ್ಲಿ ವಿಚಾರಿಸಿ. ಕೊಳ್ಳುವವರು ನಿಮಗೆ ಹಣ ಕೊಡಬೇಕು. ನಿಮ್ಮಿಂದ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಮಸ್ಕಾರ.